ಮಕ್ಕಳ ಊಹೆ ಮೊದಲು, ಪರದೆ ಆಮೇಲೆ: ತರಗತಿಯಲ್ಲಿ ಸಿಮ್ಯುಲೇಶನ್, ಆನ್‌ಲೈನ್ ಚಟುವಟಿಕೆ ಬಳಸೋರು ಅನುಭವ ಹೇಳಿ

ಗದಗ_ವಿಜ್ಞಾನ_ಮಾಸ್ತರ · ರವಿವಾರ, ಸಂಜೆ 6:40

ಎಲ್ಲರಿಗೂ ನಮಸ್ಕಾರ. ನಾನು ಗದಗ ತಾಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಹೋದ ವಾರ ಹತ್ತನೇ ತರಗತಿಯಲ್ಲಿ ನಡೆದ ಒಂದು ಸಂಗತಿ ಇನ್ನೂ ತಲೆಯಲ್ಲಿ ಓಡುತ್ತಿದೆ. ಅದನ್ನು ಹೇಳಿ, ನಿಮ್ಮ ಕಡೆ ಹೇಗೆ ನಡೆದಿದೆ ಅಂತ ಕೇಳೋಣ ಅನಿಸಿತು. ಸ್ವಲ್ಪ ಉದ್ದ ಆಗುತ್ತೆ, ಓದಿ.

ನಮ್ಮಲ್ಲಿರೋದು ಒಂದು ಲ್ಯಾಪ್‌ಟಾಪ್, ಒಂದು ಪ್ರೊಜೆಕ್ಟರ್. ಮಕ್ಕಳು 46. ಇಷ್ಟು ದಿನ ನಾನು ಮಾಡುತ್ತಿದ್ದದ್ದು ವಿಡಿಯೋ ಹಚ್ಚೋದು, ಮಧ್ಯೆ ಮಧ್ಯೆ ನಿಲ್ಲಿಸಿ ವಿವರಿಸೋದು. ಮಕ್ಕಳು ಸದ್ದಿಲ್ಲದೆ ನೋಡುತ್ತಿದ್ದರು. ಪಾಠ ಚೆನ್ನಾಗಿ ಆಯಿತು ಅಂತ ನನಗೂ ಸಮಾಧಾನ. ಮರುದಿನ ಕೇಳಿದರೆ ವಿಡಿಯೋದಲ್ಲಿ ಏನೇನು ಬಂತು ಅಂತ ಸಾಲಾಗಿ ಹೇಳುತ್ತಿದ್ದರು. ಯಾಕೆ ಹಾಗಾಯಿತು ಅಂದರೆ ಮಾತೇ ಇರುತ್ತಿರಲಿಲ್ಲ.

ವಿದ್ಯುಚ್ಛಕ್ತಿ ಪಾಠಕ್ಕೆ ಈ ಸಲ ಫೆಟ್ ಸಿಮ್ಯುಲೇಶನ್, ಅಂದರೆ ಕಂಪ್ಯೂಟರ್ ಪರದೆಯ ಮೇಲೇ ಮಾಡಿ ನೋಡುವ ಪ್ರಯೋಗ, ತಗೊಂಡೆ. ಇದು ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ್ದು. 2001ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಶುರು ಮಾಡಿದ್ದು. ದುಡ್ಡು ಕೊಡಬೇಕಿಲ್ಲ. ವಿದ್ಯುತ್ ಮಂಡಲ (ಸರ್ಕೀಟು) ಕಟ್ಟುವ ಸಿಮ್ಯುಲೇಶನ್‌ನಲ್ಲಿ ಬ್ಯಾಟರಿ, ವೈರು, ಬಲ್ಬ್, ಸ್ವಿಚ್ಚು ಎಳೆದು ತಂದು ಜೋಡಿಸಬಹುದು. ಶಾರ್ಟ್ ಮಾಡಿದರೆ ಬ್ಯಾಟರಿಗೆ ಬೆಂಕಿ ಹತ್ತಿದ ಹಾಗೆ ತೋರಿಸುತ್ತೆ. ನಿಜವಾದ ಬ್ಯಾಟರಿ ಇಟ್ಟುಕೊಂಡು ಅದನ್ನು ತೋರಿಸೋಕೆ ನಾನಂತೂ ಒಪ್ಪಲ್ಲ.

ಅದನ್ನು ತೆರೆಯುವ ಮುಂಚೆ ಬೋರ್ಡಿನ ಮೇಲೆ ಚಿತ್ರ ಬರೆದೆ. ಒಂದು ಬ್ಯಾಟರಿ, ಒಂದೇ ಥರದ ಎರಡು ಬಲ್ಬು, ಸರಣಿ ಜೋಡಣೆ, ಅಂದರೆ ಒಂದರ ಹಿಂದೆ ಒಂದು. ಯಾವ ಬಲ್ಬು ಜಾಸ್ತಿ ಬೆಳಗುತ್ತೆ? ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೀರಿ, ಪಕ್ಕದವರದ್ದು ನೋಡಬೇಡಿ ಅಂದೆ. 29 ಮಕ್ಕಳು ಮೊದಲನೇ ಬಲ್ಬು ಅಂತ ಬರೆದಿದ್ದರು. ಯಾಕಪ್ಪಾ ಅಂದರೆ, "ಕರೆಂಟ್ ಮೊದಲ ಅದಕ್ಕ ಸಿಗತೈತ್ರಿ ಸರ, ಉಳಿದದ್ದು ಎರಡನೇದಕ್ಕ." ಇದು ದಡ್ಡತನ ಅಲ್ಲ. ಕಾಲುವೆ ನೀರು ಹಾಗೇ ಅಲ್ವಾ ಹೋಗೋದು? ಮೇಲಿನ ಹೊಲದವರಿಗೆ ಮೊದಲು, ತುದಿಯವರಿಗೆ ಉಳಿದಷ್ಟು. ಮಲಪ್ರಭಾ ಕಾಲುವೆಯ ಕೊನೆಯ ಹೊಲದ ಮಕ್ಕಳಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಆಮೇಲೆ ಟಾರ್ಚ್ ಬಲ್ಬು, ಸೆಲ್ಲು ಕೊಟ್ಟು ಜೋಡಿಸಿ ನೋಡಿ ಅಂದೆ. ಒಂದು ಗುಂಪಿನಲ್ಲಿ ಮೊದಲನೇ ಬಲ್ಬು ನಿಜವಾಗಿಯೂ ಜಾಸ್ತಿ ಬೆಳಗಿತು. "ನೋಡ್ರಿ ಸರ!" ಅಂತ ಚಪ್ಪಾಳೆ. ಹಾಗಾದರೆ ಬಲ್ಬು ಅದಲು ಬದಲು ಮಾಡಿ ಅಂದೆ. ಮಾಡಿದರು. ಅದೇ ಬಲ್ಬು ಎರಡನೇ ಜಾಗಕ್ಕೆ ಹೋದರೂ ಅದೇ ಜಾಸ್ತಿ ಬೆಳಗಿತು. ಜಾಗದ ಗುಣ ಅಲ್ಲ, ಬಲ್ಬಿನ ಗುಣ. ಪೇಟೆಯಲ್ಲಿ ತಂದ ಎರಡು ಬಲ್ಬು ಹೊರಗೆ ಒಂದೇ ಥರ ಕಂಡರೂ ಒಳಗಿನ ತಂತಿಯ ರೋಧ, ಅಂದರೆ ಕರೆಂಟಿಗೆ ಒಡ್ಡುವ ತಡೆ, ಒಂದೇ ಇರಲ್ಲ.

ಆಗ ಪರದೆ ತೆರೆದೆ. ಅಲ್ಲಿ ಎರಡೂ ಬಲ್ಬು ತಕ್ಕಡಿಯಲ್ಲಿ ತೂಗಿದಷ್ಟು ಸಮ. ವೈರಿನೊಳಗೆ ಎಲೆಕ್ಟ್ರಾನುಗಳು ಎಲ್ಲಾ ಕಡೆ ಒಂದೇ ವೇಗದಲ್ಲಿ ಸರಿಯುತ್ತವೆ. ಮೊದಲನೇ ಬಲ್ಬಿನ ಹತ್ತಿರ ಜಾಸ್ತಿ, ಎರಡನೇದರ ಹತ್ತಿರ ಕಡಿಮೆ ಅಂತ ಇಲ್ಲ. 29 ಮಕ್ಕಳು ತಮ್ಮ ಹಿಂದಿನ ಹಾಳೆ ತೆಗೆದು ಮತ್ತೆ ಮತ್ತೆ ನೋಡಿಕೊಂಡರು. ಆ ಹೊತ್ತಿನಲ್ಲಿ ತರಗತಿ ಎಷ್ಟು ಶಾಂತ ಇತ್ತು ಅಂದರೆ, ವಿಡಿಯೋ ನೋಡುವಾಗಿನ ಶಾಂತಿಗೂ ಇದಕ್ಕೂ ಹೋಲಿಕೆಯೇ ಇಲ್ಲ.

ಇಲ್ಲಿಗೆ ಮುಗಿದಿದ್ದರೆ ನಾನು ಇಷ್ಟುದ್ದ ಬರೆಯುತ್ತಿರಲಿಲ್ಲ. ಮುಂದಿನದು ಸಮಾಂತರ ಜೋಡಣೆ, ಅಂದರೆ ಒಂದೊಂದು ಬಲ್ಬಿಗೂ ಬ್ಯಾಟರಿಯಿಂದ ಬೇರೆ ಬೇರೆ ದಾರಿ. ಪರದೆಯಲ್ಲಿ ಒಂದು ಬಲ್ಬಿಗೆ ಎರಡನೇದು ಸೇರಿಸಿದರೂ ಮೊದಲನೇದರ ಬೆಳಕು ಕಡಿಮೆ ಆಗಲಿಲ್ಲ. ಪುಸ್ತಕದಲ್ಲಿ ಹೇಳಿದ ಹಾಗೇ. ಆದರೆ ಮೇಜಿನ ಮೇಲಿನ ನಿಜವಾದ ಸೆಲ್ಲಿನಲ್ಲಿ ಎರಡನೇದು ಸೇರಿಸಿದ ತಕ್ಷಣ ಮೊದಲನೇದು ಮಂಕಾಯಿತು. ಮೂರನೇದು ಸೇರಿಸಿದರೆ ಮೂರೂ ಮಂಕು. ಹಿಂದಿನ ಬೆಂಚಿನ ಒಬ್ಬ ಹುಡುಗ ಎದ್ದು ನಿಂತ. ವರ್ಷ ಪೂರ್ತಿ ಅವನ ದನಿ ಕೇಳಿದ್ದು ಕಡಿಮೆ. "ಸರ, ಕಂಪ್ಯೂಟರ್ ಖೊಟ್ಟಿ ತೋರಸಾಕತ್ತೈತ್ರಿ. ನಮ್ಮ ಸೆಲ್ಲ ಖರೇ."

ಅವನು ಹೇಳಿದ್ದು ಅರ್ಧ ಸರಿ. ಆ ಸಿಮ್ಯುಲೇಶನ್‌ನಲ್ಲಿ ಬ್ಯಾಟರಿಯ ಆಂತರಿಕ ರೋಧ ಮೊದಲಿಗೆ ಸೊನ್ನೆ ಇರುತ್ತೆ. ನಮ್ಮ ಸೆಲ್ಲು ಹಳೇವು, ಬಳಸಿದಷ್ಟೂ ಒಳಗಿನ ರೋಧ ಏರುತ್ತೆ. ಜಾಸ್ತಿ ಕರೆಂಟ್ ಎಳೆದಾಗ ಒತ್ತಡ (ವೋಲ್ಟೇಜ್) ಒಳಗೇ ಸ್ವಲ್ಪ ಕಳೆದುಹೋಗುತ್ತೆ, ಬಲ್ಬಿಗೆ ಸಿಗೋದು ಕಡಿಮೆ. ಅದೇ ಸಿಮ್ಯುಲೇಶನ್‌ನ ಬದಿಯಲ್ಲಿ ಬ್ಯಾಟರಿಯ ರೋಧ, ವೈರಿನ ರೋಧ ಹೆಚ್ಚು ಕಡಿಮೆ ಮಾಡುವ ಸ್ಲೈಡರ್ ಇದೆ. ನಾನು ಅದನ್ನು ಯಾವತ್ತೂ ಮುಟ್ಟಿರಲಿಲ್ಲ. ಆ ಹುಡುಗನನ್ನೇ ಕರೆದು ಮೌಸ್ ಕೊಟ್ಟೆ. ಅವನು ಸ್ಲೈಡರ್ ಸರಿಸುತ್ತಾ ಹೋದ, ಪರದೆಯ ಬಲ್ಬುಗಳೂ ಮಂಕಾದವು. ಆಗ ಒಬ್ಬಳು ಹುಡುಗಿ ಕೂತಲ್ಲಿಂದಲೇ ಅಂದಳು: "ಸರ, ಹೊಲದಾಗ ಎಲ್ಲಾರೂ ಪಂಪ್‌ಸೆಟ್ ಚಾಲೂ ಮಾಡಿದಾಗ ನಮ್ಮ ಮನಿ ಬಲ್ಬ್ ಡಿಮ್ ಆಗತೈತ್ರಿ. ಟಿಸಿಗೂ ಹಿಂಗ ಆಗತೈತೇನ್ರಿ?"

ಟಿಸಿ ಅಂದರೆ ನಮ್ಮ ಕಡೆ ಕರೆಂಟಿನ ಟ್ರಾನ್ಸ್‌ಫಾರ್ಮರ್. ಅವತ್ತು ಬೇರೆ ಪಾಠ ಮಾಡಲಿಲ್ಲ. ಆ ಪ್ರಶ್ನೆಯ ಮೇಲೇ ಪೂರ್ತಿ ತಾಸು ಹೋಯಿತು.

ನನಗೆ ಅನಿಸಿದ್ದು ಇಷ್ಟು. ಮಗು ಮೊದಲು ತನ್ನ ಊಹೆ ಬರೆದಿಡಬೇಕು. ಸಾಧ್ಯ ಇದ್ದರೆ ಕೈಯಿಂದ ಮಾಡಬೇಕು. ಪರದೆ ಆಮೇಲೆ ಬರಬೇಕು, ಮತ್ತೆ ಕೈಗೆ ಮರಳಬೇಕು. ನೀವು ಹೇಗೆ ಮಾಡುತ್ತೀರಿ?

ಬ್ಯಾಡಗಿ_ಅಕ್ಕೋರು · ರವಿವಾರ, ರಾತ್ರಿ 8:05

ಸರ್, ಓದಿ ಖುಷಿ ಆಯಿತು. ಆದರೆ ನಿಮ್ಮಲ್ಲಿ ಪ್ರೊಜೆಕ್ಟರ್ ಇದೆ. ನಾನು ಹಾವೇರಿ ಜಿಲ್ಲೆಯ ಒಂದು ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಒಂದರಿಂದ ಮೂರರ ನಲಿ-ಕಲಿ ನೋಡಿಕೊಳ್ಳುತ್ತೇನೆ. ನಮ್ಮಲ್ಲಿರೋ ಒಂದೇ ಯಂತ್ರ ನನ್ನ ಫೋನು. ಡೇಟಾ ನನ್ನ ಸ್ವಂತದ್ದು.

ನಾನು ಮಾಡೋದು ಬಹಳ ಸಣ್ಣದು. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಅಂತ ಇದೆ, 2015ರಿಂದ. ಕನ್ನಡದ ಮಕ್ಕಳ ಕತೆಗಳು ರಾಶಿ ಇವೆ, ಓದುವ ಹಂತ ಒಂದರಿಂದ ನಾಲ್ಕರವರೆಗೆ ವಿಂಗಡಿಸಿದ್ದಾರೆ. ಮುಕ್ತ ಪರವಾನಗಿ, ಹಾಗಾಗಿ ಇಳಿಸಿಕೊಂಡು ಪ್ರಿಂಟ್ ತೆಗೆಸಿದರೂ ತಪ್ಪಿಲ್ಲ. ಮನೆಯಲ್ಲಿ ವೈಫೈ ಇದ್ದಾಗ ನಾಲ್ಕೈದು ಕತೆ ಇಳಿಸಿಕೊಳ್ಳುತ್ತೇನೆ. ಮಕ್ಕಳನ್ನು ಸುತ್ತ ಕೂಡಿಸಿಕೊಂಡು ಚಿತ್ರ ಮಾತ್ರ ತೋರಿಸಿ, ಅಕ್ಷರದ ಮೇಲೆ ಬೆರಳು ಅಡ್ಡ ಇಡುತ್ತೇನೆ. ಏನಾಗಿರಬಹುದು ಹೇಳಿ ಅಂತೀನಿ. ಎಲ್ಲರೂ ಹೇಳಿದ ಮೇಲೆ ಬೆರಳು ತೆಗೆದು ಓದುತ್ತೇನೆ. ನಿಮ್ಮ "ಊಹೆ ಮೊದಲು" ಅನ್ನೋದು ನಮ್ಮ ಚಿಕ್ಕವರಿಗೂ ಹೊಂದುತ್ತೆ ಅಂತ ಈಗ ಗೊತ್ತಾಯಿತು.

ಒಬ್ಬ ಹುಡುಗ ಎರಡನೇ ತರಗತಿ, ಅಕ್ಷರ ಕೂಡಿಸೋಕೆ ಹೆದರುತ್ತಿದ್ದ. ಚಿತ್ರ ನೋಡಿ ಅವನು ಹೇಳಿದ ಕತೆ ಪುಸ್ತಕದ ಕತೆಗಿಂತ ಚೆನ್ನಾಗಿತ್ತು. ಅದನ್ನು ಅವನ ಮಾತಿನಲ್ಲೇ ಬರೆದು ಗೋಡೆಗೆ ಹಚ್ಚಿದೆ. ಈಗ ದಿನಾ ಬೆಳಗ್ಗೆ ಅದನ್ನೇ ಬೆರಳಿಟ್ಟು ಓದುತ್ತಾನೆ. ತನ್ನ ಮಾತು ಅಲ್ವಾ, ಹೆದರಿಕೆ ಇಲ್ಲ.

ನಿವೃತ್ತ_ಮಾಸ್ತರ_ಧಾರವಾಡ · ರವಿವಾರ, ರಾತ್ರಿ 9:30

ಗದಗಿನ ಗುರುಗಳೇ, ನಿಮ್ಮ ಪಾಠ ನನಗೆ ಬಹಳ ಹಿಡಿಸಿತು. ಆದರೂ ಒಂದು ಮಾತು ಹೇಳಲೇಬೇಕು. ಹೇಳದಿದ್ದರೆ ನಿದ್ದೆ ಬರಲ್ಲ.

ನಿಮ್ಮ ಪಾಠ ಗೆದ್ದದ್ದು ಆ ಹಳೇ ಸೆಲ್ಲಿನಿಂದ. ಪರದೆ ಒಂದೇ ಇದ್ದಿದ್ದರೆ ಆ ಹುಡುಗ ಎದ್ದು ನಿಲ್ಲುತ್ತಲೇ ಇರಲಿಲ್ಲ. ಈಗ ಬಹಳ ಕಡೆ ಸೆಲ್ಲು, ಬಲ್ಬು ಕಪಾಟಿನಲ್ಲಿ ಧೂಳು ತಿನ್ನುತ್ತಿವೆ, ಪರದೆ ಮಾತ್ರ ಉಳಿದಿದೆ. ನಮ್ಮ ಓಣಿಯ ಒಬ್ಬ ಹುಡುಗಿ ಉಳ್ಳಾಗಡ್ಡಿ ಸಿಪ್ಪೆಯ ಜೀವಕೋಶದ ಪ್ರಯೋಗವನ್ನು ಆನ್‌ಲೈನ್‌ನಲ್ಲಿ ಮಾಡಿ ಪೂರ್ತಿ ಅಂಕ ತಗೊಂಡಳು. ಮೌಸಿನಿಂದ ಚಿಮುಟ ಎಳೆದು ತಂದಳು, ಬಣ್ಣದ ಹನಿ ಹಾಕಿದಳು, ಮುಗಿಯಿತು. ನಾನು ಅಡುಗೆ ಮನೆಯಿಂದ ಉಳ್ಳಾಗಡ್ಡಿ ತಂದು ಪೊರೆ ಬಿಡಿಸು ಅಂದೆ. ಮೂರು ಸಲ ಹರಿಯಿತು. ನಾಲ್ಕನೇ ಸಲ ತೆಳ್ಳಗೆ ಬಂತು, ಗಾಜಿನ ಮೇಲೆ ಇಡುವಾಗ ಮಡಚಿಕೊಂಡಿತು. ಗಾಳಿಯ ಗುಳ್ಳೆ ಒಳಗೆ ಸೇರಿಕೊಂಡಿತು. ಅವಳು ಅಂದಳು, "ಅಜ್ಜಾ, ಕಂಪ್ಯೂಟರಿನಾಗ ಗುಳ್ಳಿ ಬರಲೇ ಇಲ್ಲ."

ನಾವು ಬಾಗಲಕೋಟೆ, ಗದಗ, ಧಾರವಾಡ ಸೀಮೆಯವರು. ಉಳ್ಳಾಗಡ್ಡಿ ಬೆಳೆದು ರಾಶಿ ಹಾಕುವ ನಾಡು. ಇಲ್ಲಿನ ಮಗು ಉಳ್ಳಾಗಡ್ಡಿ ಪೊರೆಯನ್ನು ಪರದೆಯಲ್ಲಿ ನೋಡೋದು ಸರಿಯಾ? ಹಾಗೇ, ಗದಗಿನ ಮಕ್ಕಳಿಗೆ ಲಕ್ಕುಂಡಿಯ ವರ್ಚುವಲ್ ಪ್ರವಾಸ ತೋರಿಸಿದ್ದನ್ನೂ ಕೇಳಿದ್ದೇನೆ. ಲಕ್ಕುಂಡಿ ಹತ್ತು ಹನ್ನೆರಡು ಕಿಲೋಮೀಟರ್. ಬಸ್ ಹತ್ತಿಸಿ ಕರೆದುಕೊಂಡು ಹೋಗಿ. ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯದ ಕಂಬದ ಮೇಲೆ ಮಗು ಕೈ ಆಡಿಸಲಿ. ಸಾವಿರ ವರ್ಷದ ಕಲ್ಲು ಎಷ್ಟು ನುಣುಪು ಇದೆ ಅಂತ ಪರದೆ ಹೇಳಲ್ಲ.

ಲೆಕ್ಕದ_ಅಕ್ಕೋರು_ಹುಬ್ಬಳ್ಳಿ · ರವಿವಾರ, ರಾತ್ರಿ 10:15

ನಿವೃತ್ತ ಗುರುಗಳಿಗೆ ನಮಸ್ಕಾರ. ಲಕ್ಕುಂಡಿ ಮಾತು ನೂರಕ್ಕೆ ನೂರು ಒಪ್ಪುತ್ತೇನೆ. ಆದರೆ ಹೋಗೋಕೆ ಆಗದ್ದು, ಅಥವಾ ಹೋದರೂ ಕಾಣದ್ದು ಇರುತ್ತಲ್ಲ. ನನ್ನ ಅನುಭವ ಹೇಳುತ್ತೇನೆ.

ನಮ್ಮ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ ಪ್ಲಾಟ್‌ಫಾರ್ಮ್ ಜಗತ್ತಿನಲ್ಲೇ ಉದ್ದದ್ದು, 1,507 ಮೀಟರ್, 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆಯಿತು. ಮಕ್ಕಳಿಗೆಲ್ಲ ಬಾಯಿಪಾಠ. ಆದರೆ 1,507 ಮೀಟರ್ ಅಂದರೆ ಎಷ್ಟು ಅಂತ ಯಾರಿಗೂ ಅಂದಾಜಿಲ್ಲ. ಎಂಟನೇ ತರಗತಿಗೆ ಕೇಳಿದೆ: ಈ ತುದಿಯಿಂದ ಆ ತುದಿಗೆ ನಡೆಯೋಕೆ ಎಷ್ಟು ಹೊತ್ತು? ಐದು ನಿಮಿಷ ಅಂದವರೂ ಇದ್ದರು, ಒಂದು ತಾಸು ಅಂದವರೂ ಇದ್ದರು. ಎಲ್ಲಾ ಬೋರ್ಡಿಗೆ ಹಾಕಿದೆ.

ಆಮೇಲೆ ಗೂಗಲ್ ಅರ್ಥ್ ತೆರೆದು ಮೇಲಿಂದ ನಿಲ್ದಾಣ ತೋರಿಸಿದೆ. ಅದರಲ್ಲಿ ಅಳತೆ ಪಟ್ಟಿ ಇದೆ. ಆರು ಗುಂಪು, ಒಂದೊಂದು ಗುಂಪು ಬಂದು ಅಳೆಯಬೇಕು. ಒಂದು ಗುಂಪಿಗೆ 1,460 ಬಂತು, ಇನ್ನೊಂದಕ್ಕೆ 1,530. ಒಂದೇ ಪ್ಲಾಟ್‌ಫಾರ್ಮ್, ಆರು ಉತ್ತರ! ಜಗಳವೇ ಶುರುವಾಯಿತು. ತುದಿ ಎಲ್ಲಿ? ಚಾವಣಿ ಮುಗಿಯುವಲ್ಲಾ, ಇಳಿಜಾರು ಮುಗಿಯುವಲ್ಲಾ? ದೂರದಿಂದ ನೋಡಿ ಗುರುತು ಮಾಡಿದ್ದಾ, ಹತ್ತಿರ ತಂದು ಮಾಡಿದ್ದಾ? ಆರೂ ಉತ್ತರದ ಸರಾಸರಿ ತೆಗೆದರು. ಅಳತೆಯಲ್ಲಿ ದೋಷ ಅಂದರೇನು ಅಂತ ನಾನು ವರ್ಷಗಟ್ಟಲೆ ಬಾಯಲ್ಲಿ ಹೇಳಿದ್ದು ಅವತ್ತು ಅವರೇ ಕಂಡುಕೊಂಡರು. ಗಂಟೆಗೆ ಐದು ಕಿಲೋಮೀಟರ್ ನಡಿಗೆ ಅಂತ ಹಿಡಿದು ಲೆಕ್ಕ ಹಾಕಿದರೆ ಸುಮಾರು 18 ನಿಮಿಷ ಬಂತು.

ಮರುವಾರ ಒಬ್ಬಳು ಊರಿಗೆ ಹೋಗುವಾಗ ಅಪ್ಪನ ಜೊತೆ ನಿಜವಾಗಿ ನಡೆದು ಬಂದಿದ್ದಳು. 23 ನಿಮಿಷ. ಯಾಕೆ ಜಾಸ್ತಿ ಅಂದರೆ, ಬ್ಯಾಗು ಇತ್ತು, ಜನ ಇದ್ದರು, ಮಧ್ಯೆ ಚಹಾ ಅಂಗಡಿ ಇತ್ತು ಅಂದಳು.

ರೇಖಾಗಣಿತಕ್ಕೆ ಜಿಯೋಜೀಬ್ರಾ ಅನ್ನೋ ತಂತ್ರಾಂಶ ಬಳಸುತ್ತೇನೆ. ತ್ರಿಭುಜದ ಒಂದು ಶೃಂಗ ಹಿಡಿದು ಎಳೆಯುತ್ತಾ ಹೋದರೆ ಮೂರೂ ಕೋನ ಬದಲಾಗುತ್ತವೆ, ಮೊತ್ತ ಮಾತ್ರ 180 ಡಿಗ್ರಿಯಲ್ಲೇ ನಿಲ್ಲುತ್ತೆ. ಬೋರ್ಡಿನ ಮೇಲೆ ಬರೆದ ತ್ರಿಭುಜ ಅಲುಗಾಡಲ್ಲ. ಇದು ಅಲುಗಾಡುತ್ತೆ, ಅಷ್ಟೇ ವ್ಯತ್ಯಾಸ, ಆದರೆ ಮಕ್ಕಳಿಗೆ ಅದು ದೊಡ್ಡ ವ್ಯತ್ಯಾಸ.

ಇಬ್ಬರು_ಮಕ್ಕಳ_ತಾಯಿ · ಸೋಮವಾರ, ಬೆಳಗ್ಗೆ 6:20

ನಾನು ಟೀಚರ್ ಅಲ್ಲ. ಹಳೇ ಹುಬ್ಬಳ್ಳಿಯಲ್ಲಿ ಇರುತ್ತೇವೆ, ಮನೆಯಲ್ಲೇ ರೊಟ್ಟಿ ಮಾಡಿ ಮಾರುತ್ತೇನೆ. ಮಾತಾಡಬಹುದಾ?

ತರಗತಿಯಲ್ಲಿ ಏನು ತೋರಿಸುತ್ತೀರೋ ತೋರಿಸಿ, ಅದು ಒಳ್ಳೇದೇ. ಆದರೆ ದಯವಿಟ್ಟು ಮನೆಗೆ ಲಿಂಕ್ ಕಳಿಸಿ "ನೋಡಿಕೊಂಡು ಬನ್ನಿ" ಅನ್ನಬೇಡಿ. ನಮ್ಮ ಮನೆಯಲ್ಲಿ ಒಂದೇ ಫೋನು. ಅದು ನಮ್ಮ ಯಜಮಾನರ ಹತ್ತಿರ ಇರುತ್ತೆ, ಅವರು ಬರೋದು ರಾತ್ರಿ ಹತ್ತಕ್ಕೆ. ರೊಟ್ಟಿ ಆರ್ಡರೂ ಅದೇ ಫೋನಿಗೆ ಬರುತ್ತೆ. ಇಬ್ಬರು ಮಕ್ಕಳು ಅದಕ್ಕಾಗಿ ಕಾಯುತ್ತಾ ನಿದ್ದೆಗಣ್ಣಲ್ಲಿ ಕೂತಿರುತ್ತಾರೆ. ಲಾಕ್‌ಡೌನ್ ಟೈಮಲ್ಲಿ ಅನುಭವಿಸಿದ್ದು ಸಾಕಾಗಿದೆ. 2020ರಲ್ಲಿ ಚಂದನ ಟಿವಿಯಲ್ಲಿ ಸೇತುಬಂಧ ಪಾಠ ಬರುತ್ತಿತ್ತಲ್ಲ, ಅದನ್ನು ದೊಡ್ಡವಳು ಪಕ್ಕದ ಮನೆಯ ಬಾಗಿಲಲ್ಲಿ ನಿಂತು ನೋಡಿದ್ದಾಳೆ. ನಮ್ಮ ಟಿವಿ ಆಗ ಕೆಟ್ಟಿತ್ತು. ವಿದ್ಯಾಗಮ ಅಂತ ಮಾಸ್ತರು ಗುಡಿ ಕಟ್ಟೆಗೆ ಬಂದು ಕಲಿಸೋಕೆ ಶುರು ಮಾಡಿದಾಗ ನನ್ನ ಮಗಳು ಓಡಿ ಹೋಗಿದ್ದು ಇನ್ನೂ ಕಣ್ಣ ಮುಂದಿದೆ.

ಲಿಂಕ್ ನೋಡದೆ ಹೋದರೆ ಮರುದಿನ ತರಗತಿಯಲ್ಲಿ ಕೈ ಎತ್ತೋಕೆ ನಾಚಿಕೆ ಅಂತಾಳೆ ಈಗಲೂ.

ಗದಗ_ವಿಜ್ಞಾನ_ಮಾಸ್ತರ · ಸೋಮವಾರ, ಬೆಳಗ್ಗೆ 7:45

ತಾಯೀ, ನೀವು ಮಾತಾಡಿದ್ದು ಬಹಳ ಒಳ್ಳೇದಾಯಿತು. ನಾನೂ ಹೋದ ವರ್ಷ ಲಿಂಕ್ ಕಳಿಸಿದ್ದೇನೆ. ನಿಮ್ಮ ಮಾತು ಓದಿ ಮನಸ್ಸಿಗೆ ಹತ್ತಿತು. ಇವತ್ತಿನಿಂದ ನಮ್ಮ ತರಗತಿಯ ವಾಟ್ಸಾಪ್ ಗುಂಪಿಗೆ ಪಾಠದ ಲಿಂಕ್ ಹೋಗಲ್ಲ. ನೆಟ್ ಬೇಕಾಗೋದು ಏನಿದ್ದರೂ ಶಾಲೆಯ ಹೊತ್ತಿನಲ್ಲೇ ಮುಗಿಯಬೇಕು.

ನಿವೃತ್ತ ಗುರುಗಳೇ, ಹಳೇ ಸೆಲ್ಲಿನ ಮಾತು ಒಪ್ಪಿದೆ. ಆದರೆ ಒಂದನ್ನು ಪರದೆಯೇ ಮಾಡಬೇಕಿತ್ತು. ಎಲೆಕ್ಟ್ರಾನ್ ಎಲ್ಲಾ ಕಡೆ ಒಂದೇ ಥರ ಸರಿಯುತ್ತೆ ಅನ್ನೋದನ್ನು ಯಾವ ಬಲ್ಬೂ ತೋರಿಸಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣದು, ಕಾಲಿಗೆ ಎಟುಕದಷ್ಟು ದೂರದ್ದು, ಕೈಗೆ ಅಪಾಯ ಆಗುವಂಥದ್ದು, ಇವಕ್ಕೆ ಪರದೆ ಇಟ್ಟುಕೊಳ್ಳೋಣ. ಉಳ್ಳಾಗಡ್ಡಿ ಪೊರೆ ಮಕ್ಕಳ ಬೆರಳಿಗೇ ಬಿಡೋಣ.

ಬಿಎಡ್_ಓದುತ್ತಿರುವವಳು · ಸೋಮವಾರ, ಮಧ್ಯಾಹ್ನ 1:10

ಸರ್, ಮೇಡಂ, ನಾನು ಧಾರವಾಡದಲ್ಲಿ ಬಿಎಡ್ ಮಾಡುತ್ತಿದ್ದೇನೆ. ಮುಂದಿನ ತಿಂಗಳು ಬೋಧನಾಭ್ಯಾಸಕ್ಕೆ ಹೋಗಬೇಕು. ನನಗೆ ದೊಡ್ಡ ತೊಂದರೆ ಭಾಷೆ. ಆನ್‌ಲೈನ್‌ನಲ್ಲಿ ಸಿಗೋದು ಬಹಳಷ್ಟು ಇಂಗ್ಲಿಷ್. ಕನ್ನಡದಲ್ಲಿ ಸಿಕ್ಕರೂ ಒಬ್ಬರು ರೋಧ ಅಂತಾರೆ, ಇನ್ನೊಬ್ಬರು ಪ್ರತಿರೋಧ ಅಂತಾರೆ. ನಮ್ಮ ಪಠ್ಯಪುಸ್ತಕದ ಪದ ಇನ್ನೊಂದು. ಮಕ್ಕಳಿಗೆ ಗೊಂದಲ ಆಗಲ್ವಾ?

ಲೆಕ್ಕದ_ಅಕ್ಕೋರು_ಹುಬ್ಬಳ್ಳಿ · ಸೋಮವಾರ, ಮಧ್ಯಾಹ್ನ 2:25

ಆಗುತ್ತಮ್ಮಾ. ಅದಕ್ಕೆ ನಾನು ಸದ್ದು ಬಂದ್ ಮಾಡಿ ತೋರಿಸುತ್ತೇನೆ. ಮಾತು ನನ್ನದು, ಪದ ಪಠ್ಯಪುಸ್ತಕದ್ದು. ಫೆಟ್‌ನಲ್ಲಿ ಕನ್ನಡಕ್ಕೆ ಅನುವಾದ ಆದ ಸಿಮ್ಯುಲೇಶನ್‌ಗಳಿವೆ, ಮೊದಲು ಅವನ್ನು ಹುಡುಕು. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ದೀಕ್ಷಾದಲ್ಲಿ ಅದೇ ಅಧ್ಯಾಯದ್ದು ಸಿಗುತ್ತೆ, ಆ್ಯಪ್‌ನಲ್ಲಿ ಇಳಿಸಿಟ್ಟುಕೊಳ್ಳಲೂಬಹುದು. ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ, ಅಂದರೆ ಕೋಯರ್, ಅದನ್ನೂ ನೋಡು. ನಮ್ಮ ರಾಜ್ಯದ ಶಿಕ್ಷಕರೇ ಬರೆದದ್ದು ಅದರಲ್ಲಿದೆ, ಕನ್ನಡದಲ್ಲೇ.

ಇನ್ನೊಂದು. ಬೋಧನಾಭ್ಯಾಸದಲ್ಲಿ ಮಾರ್ಕ್ಸ್ ಬರಲಿ ಅಂತ ಒಂದೇ ಪಾಠಕ್ಕೆ ಐದು ಆ್ಯಪ್ ಹಚ್ಚಬೇಡ. ಒಂದು ಸಾಕು. ಹಿಂದಿನ ದಿನ ಅದೇ ಕೋಣೆಯಲ್ಲಿ, ಅದೇ ಕೇಬಲ್ ಹಾಕಿ ನೋಡಿಕೋ. ಕೊನೆಯ ಬೆಂಚಿನಲ್ಲಿ ಕೂತು ಅಕ್ಷರ ಕಾಣುತ್ತಾ ಅಂತ ನೋಡು. ಕಿಟಕಿಯ ಬೆಳಕು ಪರದೆಗೆ ಬಿದ್ದರೆ ಏನೂ ಕಾಣಲ್ಲ, ನಾವು ಹಳೇ ಚಾದರ ಕಟ್ಟುತ್ತೇವೆ.

ಲ್ಯಾಪ್‌ಟಾಪ್_ರಿಪೇರಿ_ಗದಗ · ಸೋಮವಾರ, ರಾತ್ರಿ 9:50

ನನ್ನದು ಗದಗಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ. ಶಾಲೆಗಳ ಲ್ಯಾಪ್‌ಟಾಪ್ ರಿಪೇರಿಗೆ ಬರುತ್ತಿರುತ್ತವೆ. ಬಹಳ ಶಿಕ್ಷಕರು ಮೊಬೈಲ್ ಹಾಟ್‌ಸ್ಪಾಟ್ ಹಾಕಿ ಪಾಠ ಶುರು ಮಾಡುತ್ತಾರೆ, ಮಧ್ಯದಲ್ಲಿ ನೆಟ್ ನಿಲ್ಲುತ್ತೆ, ಮಕ್ಕಳು ಗದ್ದಲ ಮಾಡುತ್ತಾರೆ, ಮರುದಿನದಿಂದ ಲ್ಯಾಪ್‌ಟಾಪ್ ಕಪಾಟಿಗೆ. ಇದು ಬೇಕಿಲ್ಲ.

ಫೆಟ್‌ನ ಹೊಸ ಸಿಮ್ಯುಲೇಶನ್‌ಗಳಲ್ಲಿ ಡೌನ್‌ಲೋಡ್ ಗುಂಡಿ ಇದೆ. ಒಂದು ಸಿಮ್ಯುಲೇಶನ್ ಅಂದರೆ ಒಂದೇ ಎಚ್‌ಟಿಎಂಎಲ್ ಫೈಲು, ಕೆಲವೇ ಎಂಬಿ. ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಬ್ರೌಸರ್‌ನಲ್ಲಿ ತೆರೆದರೆ ನೆಟ್ ಇಲ್ಲದೆ ಓಡುತ್ತೆ. ಜಿಯೋಜೀಬ್ರಾಗೂ ಕಂಪ್ಯೂಟರಿಗೆ ಹಾಕಿಕೊಳ್ಳುವ ಆವೃತ್ತಿ ಇದೆ. ಕಿವಿಕ್ಸ್ ಅಂತ ಇನ್ನೊಂದು ತಂತ್ರಾಂಶ, ಅದರಲ್ಲಿ ಕನ್ನಡ ವಿಕಿಪೀಡಿಯ ಪೂರ್ತಿ ಇಳಿಸಿಕೊಂಡು ನೆಟ್ ಇಲ್ಲದೆ ಓದಬಹುದು. ನಿಮ್ಮ ಊರಿನಲ್ಲಿ ನೆಟ್ ಸರಿ ಇಲ್ಲ ಅಂದರೆ ಗ್ರಾಮ ಪಂಚಾಯತಿಯ ಅರಿವು ಕೇಂದ್ರದಲ್ಲಿ (ಪಂಚಾಯತಿ ಗ್ರಂಥಾಲಯ) ಕೇಳಿ, ಕಂಪ್ಯೂಟರ್, ನೆಟ್ ಇರೋ ಕಡೆ ಅಲ್ಲೇ ಇಳಿಸಿಕೊಳ್ಳಬಹುದು.

ಮುಖ್ಯವಾದ ಇನ್ನೊಂದು ಮಾತು, ಸಿಟ್ಟಾಗಬೇಡಿ. ಕೆಲವು ಆ್ಯಪ್‌ಗಳು ಮಕ್ಕಳ ಹೆಸರು, ಹುಟ್ಟಿದ ದಿನ, ಫೋನ್ ನಂಬರ್ ಕೇಳುತ್ತವೆ. ರಿಪೇರಿಗೆ ಬಂದ ಒಂದು ಲ್ಯಾಪ್‌ಟಾಪಿನಲ್ಲಿ ಇಡೀ ತರಗತಿಯ ಪಟ್ಟಿ ಹಾಗೆ ತುಂಬಿದ್ದು ನೋಡಿ ನನಗೆ ಸಂಕಟ ಆಯಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಪ್ರಕಾರ 18 ವರ್ಷದೊಳಗಿನವರೆಲ್ಲ ಮಕ್ಕಳೇ, ಅವರ ಮಾಹಿತಿಗೆ ತಂದೆತಾಯಿಯ ಒಪ್ಪಿಗೆ ಬೇಕು. ಫೆಟ್‌ನ ಸಿಮ್ಯುಲೇಶನ್ ಆಡಿಸೋಕೆ ಮಕ್ಕಳು ಲಾಗಿನ್ ಆಗಬೇಕಿಲ್ಲ. ಲಾಗಿನ್ ಕೇಳದ್ದನ್ನೇ ಆರಿಸಿಕೊಳ್ಳಿ. ಕೇಳಿದರೆ ಶಿಕ್ಷಕರ ಒಂದೇ ಖಾತೆ ಸಾಕು. ವಿಡಿಯೋ ತೋರಿಸುವಾಗ ತಾನಾಗೇ ಮುಂದಿನ ವಿಡಿಯೋ ಶುರುವಾಗೋದನ್ನು ಬಂದ್ ಮಾಡಿ. 46 ಮಕ್ಕಳ ಮುಂದೆ ಏನು ಬರುತ್ತೆ ಅಂತ ನಮ್ಮ ಕೈಯಲ್ಲಿರಲ್ಲ.

ಮಾಗಡಿ_ಕೆರೆ_ದಂಡೆ · ಮಂಗಳವಾರ, ಸಂಜೆ 5:30

ಶಿರಹಟ್ಟಿ ತಾಲೂಕಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ನಿವೃತ್ತ ಗುರುಗಳ ಮಾತು ಓದಿದ ಮೇಲೆ ಇದನ್ನು ಬರೆಯಲೇಬೇಕು ಅನಿಸಿತು.

ನಮ್ಮ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಪಟ್ಟೆತಲೆ ಹೆಬ್ಬಾತು ಬರುತ್ತವೆ. ಸಾವಿರಾರು. ಈ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿತು. ನಮ್ಮ ಮಕ್ಕಳಿಗೆ ಅವು ಹೊಲಕ್ಕೆ ಬೀಳುವ ಹಕ್ಕಿ, ಅಷ್ಟೇ. ಓಡಿಸಿದ್ದಾರೆ, ಬೈದಿದ್ದಾರೆ, ಅವುಗಳ ಕೂಗು ಕೇಳಿಯೇ ಬೆಳಗ್ಗೆ ಎದ್ದಿದ್ದಾರೆ. ಎಲ್ಲಿಂದ ಬರುತ್ತವೆ ಅಂದರೆ "ಆ ಕಡೆಯಿಂದ್ರಿ" ಅಂತ ಕೈ ತೋರಿಸುತ್ತಾರೆ.

ಮೊದಲು ಕೆರೆಗೆ ಕರೆದುಕೊಂಡು ಹೋದೆ. ದಂಡೆಯ ಮೇಲೆ ಕೂತು ಎಣಿಸೋಕೆ ಹೇಳಿದೆ. ಹತ್ತು ಹಕ್ಕಿಯ ಗುಂಪು ಎಷ್ಟು ದೊಡ್ಡದಿದೆ ನೋಡಿ, ಅಂಥವು ಎಷ್ಟು ಅಂತ ಲೆಕ್ಕ ಹಾಕಿ ಅಂದೆ. ಶಾಲೆಗೆ ಬಂದ ಮೇಲೆ ಗೂಗಲ್ ಅರ್ಥ್ ತೆರೆದು ಕೆರೆಯಿಂದ ಶುರು ಮಾಡಿದೆ. ಉತ್ತರಕ್ಕೆ ಸರಿಯುತ್ತಾ ಹೋಗಿ, ಎಲ್ಲಿ ನಿಲ್ಲಿಸಬೇಕು ಹೇಳಿ ಅಂದೆ. ಬೆಳಗಾವಿ ಬಂದಾಗ ಒಬ್ಬ ನಿಲ್ಲಿಸಿ ಅಂದ. ಮುಂಬೈ ಅಂದವರಿದ್ದರು. ನಾನು ಮುಂದೆ ಹೋದೆ. ದಿಲ್ಲಿ ದಾಟಿತು. ಹಿಮಾಲಯ ಬಂತು, ಬೆಳ್ಳಗೆ. ಇಲ್ಲಿಗೆ ಮುಗೀತು, ಇದನ್ನು ಯಾವ ಹಕ್ಕಿ ದಾಟುತ್ತೆ ಅಂದರು. ದಾಟಿಸಿದೆ. ಟಿಬೆಟ್, ಆಚೆ ಮಂಗೋಲಿಯಾ. ಈ ಹಕ್ಕಿ 7,000 ಮೀಟರ್‌ಗಿಂತ ಎತ್ತರದಲ್ಲಿ ಹಾರಿದ್ದನ್ನು ಉಪಗ್ರಹದ ಸಾಧನ ಕಟ್ಟಿ ಅಳೆದಿದ್ದಾರೆ ಅಂತ ಹೇಳಿದಾಗ ಯಾರೂ ಮಾತಾಡಲಿಲ್ಲ. ಒಬ್ಬಳು ಮೆಲ್ಲಗೆ ಕೇಳಿದಳು, "ಅಷ್ಟು ದೂರದಿಂದ ನಮ್ಮ ಕೆರಿಗೇ ಬರತಾವೇನ್ರಿ?"

ಈಬರ್ಡ್ ತಾಣದಲ್ಲಿ ಯಾವ ತಿಂಗಳು ಎಲ್ಲೆಲ್ಲಿ ಈ ಹಕ್ಕಿ ಕಂಡಿದೆ ಅಂತ ನಕ್ಷೆ ನೋಡಬಹುದು. ಜೂನ್ ತೆಗೆದರೆ ಚುಕ್ಕೆಗಳು ಹಿಮಾಲಯದ ಆಚೆ. ಜನವರಿ ತೆಗೆದರೆ ನಮ್ಮ ಕಡೆ. ಈಗ ಮಕ್ಕಳು ದಿನಾ ಬೆಳಗ್ಗೆ ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ. ನಾನು ವಾರಕ್ಕೊಮ್ಮೆ ನನ್ನ ಖಾತೆಯಿಂದ ಅದನ್ನು ಸೇರಿಸುತ್ತೇನೆ. ತಾವು ಎಣಿಸಿದ್ದು ಆ ನಕ್ಷೆಯಲ್ಲಿ ಬಂದದ್ದು ನೋಡಿದ ದಿನ ಅವರ ಮುಖ ನೀವು ನೋಡಬೇಕಿತ್ತು. ಹಕ್ಕಿಗೆ ಕಲ್ಲು ಹೊಡೆಯುತ್ತಿದ್ದ ಇಬ್ಬರು ಈಗ ಎಣಿಸುವ ಗುಂಪಿನ ಮುಂದಾಳುಗಳು.

ನಿವೃತ್ತ_ಮಾಸ್ತರ_ಧಾರವಾಡ · ಮಂಗಳವಾರ, ರಾತ್ರಿ 8:15

ಮಾಗಡಿ ಕೆರೆಯವರೇ, ಎರಡು ಸಲ ಓದಿದೆ. ನೀವು ಮೊದಲು ಕೆರೆಗೆ ಕರೆದುಕೊಂಡು ಹೋದಿರಿ, ಆಮೇಲೆ ಪರದೆ. ಇದಕ್ಕೆ ನನ್ನ ತಕರಾರಿಲ್ಲ. ಹಿಮಾಲಯದ ಆಚೆಗೆ ಬಸ್ ಇಲ್ಲ.

ಒಂದೇ ಕೇಳಿಕೆ. ಮಕ್ಕಳು ಎಣಿಸಿದ ನೋಟ್‌ಬುಕ್ ಎಸೆಯಬೇಡಿ. ಹತ್ತು ವರ್ಷ ಆದ ಮೇಲೆ ಅದು ನಿಮ್ಮ ಊರಿನ ಆಸ್ತಿ.

ಗದಗಿನ ಗುರುಗಳೇ, ನನಗೂ ನಿಮ್ಮ ಆ ಸರ್ಕೀಟಿನ ಸಿಮ್ಯುಲೇಶನ್ ನೋಡುವ ಆಸೆ ಇದೆ. ನನ್ನ ಮೊಮ್ಮಗನ ಲ್ಯಾಪ್‌ಟಾಪಿನಲ್ಲಿ ಹಾಕಿಕೊಳ್ಳಬಹುದೇ?

ಬಿಎಡ್_ಓದುತ್ತಿರುವವಳು · ಮಂಗಳವಾರ, ರಾತ್ರಿ 8:40

ನನಗೂ ಬೇಕು ಸರ್. ಮತ್ತೆ ಆ ಬ್ಯಾಟರಿ ರೋಧದ ಸ್ಲೈಡರ್ ಎಲ್ಲಿದೆ ಅಂತ ಹುಡುಕಿ ಸಾಕಾಯಿತು.

ಗದಗ_ವಿಜ್ಞಾನ_ಮಾಸ್ತರ · ಮಂಗಳವಾರ, ರಾತ್ರಿ 9:20

ಬಲಗಡೆಯ ಪಟ್ಟಿಯಲ್ಲಿ, ಕೆಳಗೆ ಮುಚ್ಚಿದ ಪೆಟ್ಟಿಗೆ ಥರ ಇದೆ. ಅದರ ಮೇಲೆ ಒತ್ತಿದರೆ ತೆರೆಯುತ್ತೆ. ನನಗೂ ಮೊದಲು ಕಂಡಿರಲಿಲ್ಲ.

ಮಕ್ಕಳ ಟಿಸಿ ಪ್ರಶ್ನೆ ಇನ್ನೂ ಮುಗಿದಿಲ್ಲ. ಇವತ್ತು ಮೂರು ಹುಡುಗರು ತಮ್ಮ ತಮ್ಮ ಮನೆಯಿಂದ ಟಿಸಿ ಎಷ್ಟು ಕಂಬ ದೂರ ಅಂತ ಎಣಿಸಿಕೊಂಡು ಬಂದಿದ್ದರು, ನಾನು ಹೇಳಿರಲಿಲ್ಲ. ದೂರದ ಮನೆಯಲ್ಲಿ ಜಾಸ್ತಿ ಮಂಕಾಗುತ್ತಾ ಅಂತ ಅವರಿಗೆ ನೋಡಬೇಕಂತೆ. ವೈರಿನ ರೋಧದ ಸ್ಲೈಡರ್ ಅವರಿಗೆ ಬಿಟ್ಟುಕೊಡುತ್ತೇನೆ. ಕಂಬದ ಹತ್ತಿರ, ಟಿಸಿ ಹತ್ತಿರ ಹೋಗೋದಿಲ್ಲ, ರಸ್ತೆಯಿಂದ ಎಣಿಸೋದು ಮಾತ್ರ ಅಂತ ಎಲ್ಲರ ಹತ್ತಿರ ಮಾತು ತಗೊಂಡಿದ್ದೇನೆ.

ರಿಪೇರಿ ಅಂಗಡಿಯ ಅಣ್ಣ ಒಪ್ಪಿದರೆ, ಬರುವ ಶನಿವಾರ ಬೆಳಗಿನ ಸಾಲಿ ಬಿಟ್ಟ ಮೇಲೆ ಅವರ ಅಂಗಡಿಯಲ್ಲೇ ಸೇರೋಣವೇ?

ಲ್ಯಾಪ್‌ಟಾಪ್_ರಿಪೇರಿ_ಗದಗ · ಮಂಗಳವಾರ, ರಾತ್ರಿ 9:35

ಬನ್ನಿ ಸರ್, ಒಂದು ಗಂಟೆಗೆ. ಎಲ್ಲರೂ ಒಂದೊಂದು ಪೆನ್‌ಡ್ರೈವ್ ತನ್ನಿ, 16 ಜಿಬಿ ಇದ್ದರೆ ಬೇಕಾದಷ್ಟಾಯಿತು. ಹಾಕಿಕೊಡೋಕೆ ದುಡ್ಡು ಬೇಡ. ಧಾರವಾಡದ ಗುರುಗಳಿಗೆ ಬಸ್ ಸ್ಟ್ಯಾಂಡಿನಿಂದ ಕರೆದುಕೊಂಡು ಬರೋಕೆ ಹುಡುಗನನ್ನು ಕಳಿಸುತ್ತೇನೆ.

ಗದಗ_ವಿಜ್ಞಾನ_ಮಾಸ್ತರ · ಮಂಗಳವಾರ, ರಾತ್ರಿ 9:38

ಬಲ್ಬು, ವೈರು ನಾನು ತರುತ್ತೇನೆ. ಮನೆಯಲ್ಲಿ ಗಡಿಯಾರ, ರಿಮೋಟಿನಿಂದ ತೆಗೆದ ಸೆಲ್ಲು ಇದ್ದರೆ ತನ್ನಿ. ಹೊಸಾವು ಬೇಡ, ಹಳೇವೇ ಬೇಕು.